ಅಗಳಿನ ಕೇಸು, ವಾಲಿಯ ಪಾಟೀಸವಾಲು

ನಮ್ಮ ದೊಡ್ಡಮಾವನಿಗೆ ಒಂದು ಕೇಸು ಉಂಟು. ಅವರ ತೋಟಕ್ಕೂ ಪಕ್ಕದ ತೋಟಕ್ಕೂ ನಡುವೆ ಇರುವ ಅಗಳು ಯಾರದ್ದು ಎಂಬುದು ದಾವೆ. ಅಗಳಿನ ಅಗಲ ಒಂದೂವರೆ ಮಾರು, ದಾವೆಯ ಉದ್ದ ಇಪ್ಪತ್ತೆರಡು ವರ್ಷ. ಫಿರ್ಯಾದಿ ತೀರಿಹೋಗಿ ಈಗ ಅವನ ಮಗ ಫಿರ್ಯಾದಿ. ಅಗಳು ಅರ್ಧ ಮುಚ್ಚಿಹೋಗಿ ಕೆಸು ಬೆಳೆದಿದೆ. ಪತ್ರೊಡೆಯ ಕಾಲದಲ್ಲಿ ಎರಡೂ ಮನೆಯವರು ಎಲೆ ಕೊಯ್ಯುತ್ತಾರೆ. ಕೇಸಿನಿಂದ ಇಷ್ಟರವರೆಗೆ ಹುಟ್ಟಿದ್ದು ಆ ಕೆಸು ಒಂದೇ.

ಇಂಥ ಮಾವ ರಾತ್ರಿ ಉಂಡು ಕೈತೊಳೆದು ಟಿವಿ ಎದುರು ಕೂತು ನೋಡುವುದು ಏನನ್ನು? ಕೋರ್ಟನ್ನು! ಟಿ.ಎನ್. ಸೀತಾರಾಮ್ ಧಾರಾವಾಹಿಯ ವಕೀಲ ಸಿಎಸ್‌ಪಿಯಾಗಿ ಕರಿಕೋಟು ಹಾಕಿ ಎದ್ದು ನಿಂತರೆ ಇವರಿಗೆ ಬಾಯಿಯ ಎಲೆಯಡಿಕೆ ಉಗಿಯಲೂ ಪುರುಸೊತ್ತಿಲ್ಲ. ಹಗಲು ಕೋರ್ಟಿನ ಜಗಲಿಯಲ್ಲಿ ಕೂತು ಬೆನ್ನುನೋವು ತಂದುಕೊಂಡ ಮನುಷ್ಯನಿಗೆ ರಾತ್ರಿಯೂ ಅದೇ ಬೇಕೇ ಎಂದು ಅತ್ತೆ ಕೇಳಿದ್ದಕ್ಕೆ, "ಟಿವಿಯ ಜಡ್ಜು ತಲೆಯೆತ್ತಿ ನೋಡ್ತಾರೆ ಮಾರಾಯ್ತಿ" ಎಂದರು. ಅವರ ಕೇಸು ಕರೆಯುವುದು, ವಕೀಲರು ಗೊಣಗುವುದು, ವಾಯಿದೆ ಬೀಳುವುದು ಎಲ್ಲ ಸೇರಿ ಒಂದೂವರೆ ನಿಮಿಷ. ಅದೂ, ಕಾಸರಗೋಡು ಕೇರಳದಲ್ಲಿರುವುದರಿಂದ, ಇಂಗ್ಲಿಷು ಮಲಯಾಳಗಳಲ್ಲಿ. ತನ್ನ ಅಗಳಿನ ಬಗ್ಗೆ ಯಾರು ಏನೆಂದರು ಎಂದು ತಿಳಿಯಲು ಕನ್ನಡ ಶಾಲೆಯಲ್ಲಿ ಐದು ಓದಿದ ಮಾವ ಗುಮಾಸ್ತನಿಗೆ ಚಹಾ ಕುಡಿಸಬೇಕು.

ಸಿನಿಮಾದವರು, ಕಾದಂಬರಿಯವರು, ಈಗ ಮೊಬೈಲಿನಲ್ಲಿ ಸೀರೀಸ್ ಮಾಡುವವರು ಕೋರ್ಟಿನ ರೋಚಕತೆಯನ್ನು ತಾವೇ ಕಂಡುಹಿಡಿದಂತೆ ಮಾತಾಡುತ್ತಾರೆ. ಕಾಸರಗೋಡಿನವರಿಗೆ ನಗು ಬರುತ್ತದೆ. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳನ್ನು ಹಿಡಿದು (ಅವು ಅವನವೇ ಹೌದೋ ಎಂದು ಪಂಡಿತರು ಹೂಡಿದ ದಾವೆ ಬೇರೆ ಉಂಟು) ನಾವು ತಲೆತಲಾಂತರದಿಂದ ನಡೆಸುತ್ತಿರುವುದು ಮತ್ತೇನು? ತಾಳಮದ್ದಳೆಯ ವಾಲಿವಧೆ. ಒಂದು ಟ್ಯೂಬ್‌ಲೈಟು, ನಾಲ್ಕು ಕುರ್ಚಿ, ಬಿಳಿ ಪಂಚೆ, ಹೆಗಲ ಮೇಲೆ ಶಾಲು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಒಂದು ಪದ್ಯ ಹೇಳಿ ಮದ್ದಳೆ ನಿಂತಿತೋ, ಬಾಣ ತಾಗಿ ಬಿದ್ದ ವಾಲಿ ಕುರ್ಚಿಯಲ್ಲಿ ನೆಟ್ಟಗೆ ಕೂತು ಪಾಟೀಸವಾಲು ಶುರುಮಾಡುತ್ತಾನೆ. ನನಗೂ ನಿನಗೂ ಹಗೆ ಎಂತದು? ಮರದ ಮರೆಯಲ್ಲಿ ನಿಂತದ್ದು ಯಾವ ಕ್ಷತ್ರಿಯಧರ್ಮ? ಹೆಂಡತಿಯನ್ನು ಹುಡುಕಿಸಬೇಕಿದ್ದರೆ ನನ್ನನ್ನೇ ಕೇಳಬಾರದಿತ್ತೇ? ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿ ಕೂತರೆ ಶ್ರೀರಾಮಚಂದ್ರನ ಅರ್ಥ ಹೇಳುವವರು ಶಾಲಿನಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದರು. ಸಭೆಗೆ ಸಭೆಯೇ ವಾಲಿಯ ಕಡೆಗೆ.

ಆದರೆ ವಾಲಿ ಸಾಯುತ್ತಾನೆ. ಸಾಯಲೇಬೇಕು, ಪ್ರಸಂಗದ ಪುಸ್ತಕದಲ್ಲಿ ಹಾಗೇ ಉಂಟು. ಚಪ್ಪಾಳೆ ವಾಲಿಗೆ, ತೀರ್ಪು ರಾಮನಿಗೆ, ಚಹಾ ಅವಲಕ್ಕಿ ನಮಗೆ.

ವಾದ ಗೆದ್ದು ಕೇಸು ಸೋಲುವ ಈ ವಿದ್ಯೆಯನ್ನು ನಾವು ದೆಹಲಿಗೂ ಒಯ್ದಿದ್ದೇವೆ. ಚೆರ್ಕಳ ದಾಟಿದರೆ ಸಿಗುವ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿ 1970ರಲ್ಲಿ ಕೇರಳದ ಭೂಸುಧಾರಣೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಮಠದ ಜಾಗ ಉಳಿಯಬೇಕು ಎಂಬಷ್ಟೇ ಬೇಡಿಕೆ. ಸ್ವಾಮೀಜಿಯ ವಕೀಲರಾಗಿ ನಾನಿ ಪಾಲ್ಖೀವಾಲಾ ಎಂಬ ಅರ್ಥಧಾರಿ ಎದ್ದು ನಿಂತ ಮೇಲೆ ಪ್ರಸಂಗವೇ ಬದಲಾಯಿತು. 13 ಮಂದಿ ನ್ಯಾಯಮೂರ್ತಿಗಳು, 68 ದಿನದ ವಾದ. 1973ರ ಏಪ್ರಿಲ್ 24ರಂದು ಏಳಕ್ಕೆ ಆರರಿಂದ ತೀರ್ಪು: ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲರಚನೆಯನ್ನು ಮುಟ್ಟುವಂತಿಲ್ಲ. ಸಂವಿಧಾನ ಉಳಿಯಿತು, ಮಠದ ಜಾಗ ಹೋಯಿತು. ದೇಶದ ಕಾನೂನು ಕಾಲೇಜುಗಳಲ್ಲೆಲ್ಲ ಹುಡುಗರು ಸ್ವಾಮೀಜಿಯ ಹೆಸರು ಬಾಯಿಪಾಠ ಮಾಡುವಾಗ, ಸ್ವಾಮೀಜಿ ಎಡನೀರಿನಲ್ಲಿ ಜಾಗಟೆ ಹಿಡಿದು ಭಾಗವತಿಕೆ ಮಾಡುತ್ತಿದ್ದರು. ತಾಳಮದ್ದಳೆ ಬಲ್ಲವರಿಗೆ ಫಲಿತಾಂಶದ ಬಗ್ಗೆ ಆಶ್ಚರ್ಯ ಇರುವುದಿಲ್ಲ.

ಗಡಿಯ ವಾದದಲ್ಲಿಯೂ ಗೆದ್ದವರೇ ನಾವು. ಚಂದ್ರಗಿರಿ ಹೊಳೆಯ ಬಡಗಲಾಗಿ ಇರುವುದು ಕರ್ನಾಟಕಕ್ಕೆ ಎಂದು ಮಹಾಜನ್ ಆಯೋಗ 1967ರಲ್ಲಿ ಬರೆದುಕೊಟ್ಟಿತು. ಹೊಳೆ ಈಗಲೂ ಕೇರಳದಲ್ಲೇ ಹರಿಯುತ್ತಿದೆ. 2018ರಲ್ಲಿ ರಿಷಬ್ ಶೆಟ್ಟರು ನಮ್ಮ ಕನ್ನಡ ಶಾಲೆಯ ಕತೆ ಹಿಡಿದು 'ಸರ್ಕಾರಿ ಹಿ.ಪ್ರಾ. ಶಾಲೆ, ಕಾಸರಗೋಡು' ಸಿನಿಮಾ ಮಾಡಿದಾಗ ಕತೆಯೂ ಕೊನೆಗೆ ಕೋರ್ಟಿಗೇ ಹೋಗಬೇಕಾಯಿತು. ಅನಂತನಾಗ್ ಎದ್ದು ನಿಂತು ಮಾತಾಡಿದರು, ಬೆಂಗಳೂರು ಕಣ್ಣೊರೆಸಿಕೊಂಡಿತು. ಶೂಟಿಂಗ್ ಆದದ್ದು ಗಡಿಯ ಆಚೆ, ಆಗಿನ ಬಂಟ್ವಾಳ ತಾಲೂಕಿನ ಕೈರಂಗಳದ ಶಾಲೆಯಲ್ಲಿ. ಕಾಸರಗೋಡು ಕರ್ನಾಟಕಕ್ಕೆ ಸೇರಿದ್ದು ಅಷ್ಟು, ಎರಡೂವರೆ ಗಂಟೆಗೆ.

ಹೊಳೆಯ ತೆಂಕಣವರು ನಮಗಿಂತ ಚುರುಕು. 2022ರಲ್ಲಿ ಬಂದ 'ನ್ನಾ ತಾನ್ ಕೇಸ್ ಕೊಡ್' ಸಿನಿಮಾದಲ್ಲಿ ಕುಂಚಾಕ್ಕೊ ಬೋಬನ್ ಒಬ್ಬ ಮಾಜಿ ಕಳ್ಳ. ರಸ್ತೆಯ ಹೊಂಡ ತಪ್ಪಿಸಲು ಬಂದ ರಿಕ್ಷಾಕ್ಕೆ ಹೆದರಿ ಎಂಎಲ್‌ಎ ಮನೆಯ ಪಾಗಾರ ಹಾರಿ ನಾಯಿಯಿಂದ ಕಚ್ಚಿಸಿಕೊಂಡವನು ನೇರ ಲೋಕೋಪಯೋಗಿ ಮಂತ್ರಿಯ ಮೇಲೆಯೇ ಕೇಸು ಹಾಕುತ್ತಾನೆ. ಹಾಗಾದರೆ ನೀನು ಕೇಸು ಹಾಕು ಎಂದು ಹೆಸರಿನ ಅರ್ಥ. ನಮ್ಮಲ್ಲಿ ಅದು ಸವಾಲಲ್ಲ, ಶಾಪ. ಕೇಸು ಎಷ್ಟು ಎಳೆಯಿತು ಎಂದು ತೋರಿಸಲು ನಿರ್ದೇಶಕ ರತೀಶ್ ಬಾಲಕೃಷ್ಣ ಪೊದುವಾಳ್ ಕ್ಯಾಲೆಂಡರು ಹಾರಿಸಲಿಲ್ಲ, ಪೆಟ್ರೋಲಿನ ರೇಟು ಏರಿಸುತ್ತ ಹೋದರು. ಟಾಕೀಸಿನ ದಾರಿಯಲ್ಲಿ ಹೊಂಡ ಇದೆ, ಆದರೂ ಬನ್ನಿ ಎಂಬ ಜಾಹೀರಾತು ಕಂಡು ಆಳುವ ಪಕ್ಷದ ಅಭಿಮಾನಿಗಳು ಕೆರಳಿದರು. ಹೊಂಡ ಕಂಡು ಯಾರೂ ಅಷ್ಟು ಕೆರಳಿದ ಹಾಗಿಲ್ಲ.

ಮ್ಯಾಜಿಸ್ಟ್ರೇಟರಾಗಿ ಕೂತವರು ಪಡನ್ನ ಪಂಚಾಯತಿನ ಆಗಿನ ಮೆಂಬರು, ನಿವೃತ್ತ ಮೇಷ್ಟ್ರು ಪಿ.ಪಿ. ಕುಂಞಿಕೃಷ್ಣನ್. ರಾಜ್ಯ ಪ್ರಶಸ್ತಿಯೂ ಬಂತು. ಕಕ್ಷಿಯ ಮಾತು ಕಿವಿಗೊಟ್ಟು ಕೇಳುವ ನ್ಯಾಯಾಧೀಶನ ಪಾತ್ರಕ್ಕೆ ಮೇಷ್ಟ್ರೇ ಬೇಕಾದರು. ವಕೀಲನ ಪಾತ್ರಕ್ಕೆ ಮಾತ್ರ ಅಸಲಿ ವಕೀಲರು, ಹೊಸದುರ್ಗದ ಸಿ. ಶುಕ್ಕೂರ್. ಅವರು ಆಮೇಲೆ ಆಡಿದ ಆಟ ಯಾವ ಸಿನಿಮಾದಲ್ಲೂ ಇಲ್ಲ. ಮೂವರೂ ಹೆಣ್ಣುಮಕ್ಕಳು, ತನ್ನ ಆಸ್ತಿ ಪೂರಾ ಅವರಿಗೇ ಸಿಗಬೇಕು, ಷರಿಯತ್ತಿನ ಪಾಲು ಹಂಚಿಕೆಯಲ್ಲಿ ಸಹೋದರರಿಗೆ ಹೋಗಬಾರದು ಎಂದು, 1994ರಲ್ಲಿ ಮದುವೆಯಾದ ಹೆಂಡತಿಯನ್ನೇ 2023ರ ಮಾರ್ಚ್ 8ರಂದು ವಿಶೇಷ ವಿವಾಹ ಕಾಯಿದೆಯಲ್ಲಿ ಇನ್ನೊಮ್ಮೆ ಮದುವೆಯಾದರು. ಮಕ್ಕಳೇ ದಿಬ್ಬಣ. ವಾದ ಮಾಡದೆ ಗೆದ್ದ ವಕೀಲರನ್ನು ಕಂಡು ಮಾವನಿಗೆ ಸ್ವಲ್ಪ ನಿರಾಶೆಯೇ ಆಯಿತು.

ಅದಕ್ಕೇ ಅವರು ಕಾನತ್ತೂರಿಗೂ ಹೋಗುವುದಿಲ್ಲ. ಅಲ್ಲಿನ ನಾಲ್ವರ್ ದೈವಗಳಿಗೆ ದೂರು ಕೊಟ್ಟರೆ ಎದುರು ಕಕ್ಷಿಗೆ ಕರೆ ಹೋಗುತ್ತದೆ, ಎಷ್ಟೋ ತಗಾದೆ ದೈವದ ಭಯಕ್ಕೇ ಮುಗಿಯುತ್ತದೆ. ಒಮ್ಮೆ ಹೋಗಿ ಬನ್ನಿ ಎಂದೆ. "ಅಲ್ಲಿ ವಾದ ಮಾಡಲಿಕ್ಕೆ ಎಲ್ಲಿ ಉಂಟು? ಸತ್ಯ ಹೇಳಬೇಕಾಗ್ತದೆ" ಎಂದು ಎಲೆಗೆ ಸುಣ್ಣ ಹಚ್ಚಿದರು.

ಕಳೆದ ತಿಂಗಳು ಗುಮಾಸ್ತ ಫೋನು ಮಾಡಿದ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಮಾವನನ್ನೇ ಕಟಕಟೆ ಹತ್ತಿಸುತ್ತಾರಂತೆ, ಬರುವ ಹದಿನೆಂಟಕ್ಕೆ. ಮಾವ ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ ಕನ್ನಡಕ ಏರಿಸಿ ನೋಡಿದರು. ಹದಿನೆಂಟರ ಚೌಕದಲ್ಲಿ ಅವರದೇ ಅಕ್ಷರದಲ್ಲಿ 'ಹಗಲು ಕೂಟ, ವಾಲಿವಧೆ' ಎಂದು ಬರೆದಿತ್ತು.

"ವಕೀಲರಿಗೆ ಹೇಳು," ಎಂದರು, "ಒಂದು ವಾಯಿದೆ ತೆಗೆಯಲಿ."