ಗ್ಯಾಲರಿ ಕಾಕಾ

ಹಾವೇರಿ ಜಿಲ್ಲೆಯ ಯಾವ ತಾಲೂಕಿಗೆ ಹೋದರೂ ಒಬ್ಬ ಗ್ಯಾಲರಿ ಕಾಕಾ ಸಿಕ್ಕೇ ಸಿಗುತ್ತಾನೆ. ಹಾನಗಲ್ಲಿನಲ್ಲಿ ಅವನಿಗೆ ಮಾವಿನ ತೋಟವಿದೆ. ಸವಣೂರಿನಲ್ಲಿ ಅವನು ವೀಳ್ಯದೆಲೆ ವ್ಯಾಪಾರಿ, ಶಿಗ್ಗಾಂವಿಯಲ್ಲಿ ನಿವೃತ್ತ ಮಾಸ್ತರ, ಹಿರೇಕೆರೂರಿನಲ್ಲಿ ಗೋವಿನಜೋಳದ ದಲ್ಲಾಳಿ. ಕಸುಬು ನಾಲ್ಕು, ಕುಲ ಒಂದೇ. ಹೆಗಲ ಮೇಲೆ ಟವೆಲ್ಲು, ಕಿಸೆಯಲ್ಲಿ ಚಿಲ್ಲರೆ, ಬಾಯಲ್ಲಿ ಒಂದೇ ಪ್ರಶ್ನೆ: “ಟಿಕೆಟ್ ಎಷ್ಟಪಾ ತಮ್ಮಾ?” ಆ ಕಡೆಯಿಂದ ಉತ್ತರ ಹತ್ತು ಬರಲಿ, ನೂರು ಬರಲಿ, ಕಾಕಾನ ಮುಂದಿನ ಮಾತು ಮೊದಲೇ ತಯಾರಾಗಿರುತ್ತದೆ: “ಬಾಳ ಆತು.”

ಹಾಗಂತ ಕಾಕಾ ಜಿಪುಣನಲ್ಲ. ಜಾತ್ರೆಯ ಕುಸ್ತಿ ಕಣದಲ್ಲಿ ಗೆದ್ದ ಪೈಲ್ವಾನ ಮೈಮೇಲಿನ ಮಣ್ಣು ಕೊಡವಿಕೊಳ್ಳುತ್ತ ಎದುರಿಗೆ ಬಂದರೆ ಹಿಂದೆಮುಂದೆ ನೋಡದೆ ಐನೂರರ ನೋಟು ಅವನ ಕೈಗಿಡುತ್ತಾನೆ. ಅದೇ ಕಣದ ಬಾಗಿಲಲ್ಲಿ ಐವತ್ತು ರೂಪಾಯಿಯ ಟಿಕೆಟ್ಟಿಗೆ ಅರ್ಧ ತಾಸು ಜಗಳ ಕಾದಿರುತ್ತಾನೆ. ಕೇಳಿದರೆ ಅವನ ಲೆಕ್ಕ ಸರಳ: “ಅದು ಕೊಟ್ಟದ್ದು, ಇದು ಕಸಗೊಂಡದ್ದು.”

ಈ ಸ್ವಭಾವ ಅವನು ಬೆಳೆದ ನೆಲದಿಂದಲೇ ಬಂದದ್ದು. ದೀಪಾವಳಿ ಬರುತ್ತಲೇ ನಮ್ಮ ಕಡೆ ಹೋರಿ ಬೆದರಿಸುವ ಹಬ್ಬ ಶುರುವಾಗುತ್ತದೆ. ಕೊರಳಿಗೆ ಕೊಬ್ಬರಿ ಸರ, ಕೋಡಿಗೆ ಬಲೂನು ಕಟ್ಟಿಸಿಕೊಂಡ ಹೋರಿ ಜನರ ನಡುವೆ ನುಗ್ಗಿ ಓಡುತ್ತದೆ. ಹುಡುಗರು ಕೊಬ್ಬರಿ ಹರಿಯಲು ಬೀಳುತ್ತಾರೆ. ನೋಡುವವರಿಗೆ ಟ್ರ್ಯಾಕ್ಟರಿನ ಟ್ರೇಲರ್, ಮನೆಯ ಮಾಳಿಗೆ, ಬೇವಿನ ಟೊಂಗೆ, ಎಲ್ಲವೂ ಗ್ಯಾಲರಿಯೇ. “ಕೊಬ್ಬರಿ ಕೈಗೆ ಹತ್ತಿದರ ಆಟ ನೋಡಿದ್ದಕ್ಕ ನಮಗ ಪಗಾರ ಸಿಕ್ಕಂಗ” ಎನ್ನುತ್ತಾನೆ ಕಾಕಾ. ಜಾತ್ರೆಯ ನಾಟಕ ಕಂಪನಿಯಲ್ಲಿ ನೆಲಕ್ಕೆ ಕೂತು ‘ವನ್ಸ್ ಮೋರ್’ ಕೂಗಿ ಕುರ್ಚಿಯವರಿಗಿಂತ ಹೆಚ್ಚು ಹಾಡು ಕೇಳಿಸಿಕೊಂಡ ಅನುಭವವೂ ಅವನಿಗಿದೆ. ಇಂಥವನ ಮುಂದೆ ಕ್ರೀಡೆಗೆ ಟಿಕೆಟ್ ಎಂದರೆ ಅವನಿಗೆ ಸಿಟ್ಟಿಗಿಂತ ಮೊದಲು ಆಶ್ಚರ್ಯವಾಗುತ್ತದೆ.

ಶಿಗ್ಗಾಂವಿಯಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ನಡೆದಿದೆ ಎಂದಿಟ್ಟುಕೊಳ್ಳಿ. ಬಿದಿರ ಗಳದ ಬಾಗಿಲು, ಅದರ ಪಕ್ಕ ಒಂದು ಟೇಬಲ್ಲು, ಟೇಬಲ್ಲಿನ ಹಿಂದೆ ಸಂಘದ ಹುಡುಗ.

“ಗ್ಯಾಲರಿ ಎಷ್ಟಪಾ?”

“ಐವತ್ತರೀ ಕಾಕಾ.”

“ಐವತ್ತ? ಯಾಕ, ಪ್ರೊ ಕಬಡ್ಡಿ ಪವನ್ ಸೆಹ್ರಾವತ್ ಬರಾಕತ್ತಾನೇನು?”

“ಇಲ್ರೀ. ಸವಣೂರ ಟೀಮ್ ಬಂದೈತ್ರಿ.”

“ಸವಣೂರ ಹುಡುಗರ ಆಟಕ್ಕ ಐವತ್ತ ಕೊಟ್ಟೆ ಅಂದ್ರ ಅವರಿಗೇ ನಾಚಿಕಿ ಬರತೈತಿ. ಮೂವತ್ತ ತಗೋ.”

“ಆಗೂದಿಲ್ರೀ ಕಾಕಾ, ಪಾವತಿ ಪುಸ್ತಕ ಐತಿ.”

“ಹಂಗಾರ ಹತ್ತು ಗಂಟೆಕ್ಕ ಬರತೀನಿ. ಅರ್ಧ ಆಟ ಮುಗಿದಿರತೈತಿ, ಅರ್ಧ ರೊಕ್ಕ ಕೊಡತೀನಿ.”

ಹತ್ತು ಗಂಟೆಯವರೆಗೆ ಕಾಕಾ ಹೊರಗೇ ಇರುತ್ತಾನೆ. ಒಂದು ಪ್ಲೇಟು ಗಿರ್ಮಿಟ್ ತಿನ್ನುತ್ತಾನೆ, ಎರಡು ಪ್ಲೇಟು ಮಿರ್ಚಿ ತಿನ್ನುತ್ತಾನೆ, ಗುರುತಿನವರಿಗೆಲ್ಲ ಚಹಾ ಕುಡಿಸುತ್ತಾನೆ. ಅಂತೂ ಇಪ್ಪತ್ತೈದು ರೂಪಾಯಿ ಉಳಿಸಲು ನೂರೈವತ್ತು ಖರ್ಚು ಮಾಡಿ, ಗೆದ್ದ ಮುಖ ಹೊತ್ತು ಒಳಗೆ ಬರುತ್ತಾನೆ.

ಕಾಕಾನ ಅಂಕಗಣಿತ ಇನ್ನೂ ದೊಡ್ಡದು. ಕಬಡ್ಡಿಯ ಒಂದು ಪಂದ್ಯಕ್ಕೆ ಇಪ್ಪತ್ತಿಪ್ಪತ್ತು ನಿಮಿಷದ ಎರಡು ಭಾಗ, ಒಟ್ಟು 40 ನಿಮಿಷ. ಒಂದು ರೈಡಿಗೆ 30 ಸೆಕೆಂಡು. ಅಲ್ಲಿಗೆ ಹೆಚ್ಚೆಂದರೆ 80 ರೈಡು. “ದೊಡ್ಡ ಊರಾಗ ಸಾವಿರದ ಟಿಕೆಟ್ ತಗದಿ ಅಂತ ಹಿಡಕೋ. ಒಂದು ರೈಡಿಗೆ ಹನ್ನೆರಡೂವರಿ ರೂಪಾಯಿ! ಹೋದಾಂವ ಬೋನಸ್ ಗೆರಿ ಸೈತ ಮುಟ್ಟದ ಕುಣಕೋತ ತಿರುಗಿ ಬಂದ್ರೂ ಹನ್ನೆರಡೂವರಿ! ಎರಡು ಖಾಲಿ ರೈಡ್ ಆದಮ್ಯಾಲೆ ಮೂರನೇದು ಡೂ ಆರ್ ಡೈ ಅಂತ ಇಟ್ಟಾರಲ್ಲ, ಅದು ಆಟಗಾರಗಲ್ಲ, ರೊಕ್ಕ ಕೊಟ್ಟಾಂವಗ.” ನಮ್ಮೂರ ಪಂದ್ಯಾವಳಿಯಲ್ಲಾದರೆ ಬೆಳ್ಳಂಬೆಳಗಿನವರೆಗೆ ಆಟ, ಒಂದು ರೈಡಿಗೆ ನಾಲ್ಕಾಣೆಯೂ ಬೀಳುವುದಿಲ್ಲ. ಲೆಕ್ಕ ಸರಿಯೇ ಇದೆ, ತಕರಾರು ತೆಗೆಯುವಂತಿಲ್ಲ.

2014ರಲ್ಲಿ ಪ್ರೊ ಕಬಡ್ಡಿ ಲೀಗ್ ಆರಂಭವಾದಾಗ ಕಾಕಾ ಮೊದಲು ನಂಬಲಿಲ್ಲ. ಗದ್ದೆಯಲ್ಲಿ ಚಡ್ಡಿ ಹರಿದುಕೊಂಡು ಆಡಿದ ಆಟಕ್ಕೆ ಮ್ಯಾಟು, ಬಣ್ಣದ ದೀಪ, ಹರಾಜು! ಆಮೇಲೆ ಬೆಂಗಳೂರು ಬುಲ್ಸ್ ತಂಡವನ್ನು ಮನೆಮಗನಂತೆ ಹಚ್ಚಿಕೊಂಡ. ಬುಲ್ಸ್ ಕಪ್ಪು ಗೆದ್ದದ್ದು 2019ರ ಜನವರಿ 5ರಂದು, ಮುಂಬೈಯಲ್ಲಿ, ಗುಜರಾತ್ ತಂಡದ ಮೇಲೆ 38–33ರಿಂದ. ಆ ರಾತ್ರಿ ಪವನ್ ಸೆಹ್ರಾವತ್ ಒಬ್ಬನೇ 22 ಅಂಕ ತಂದ. ಕಾಕಾ ಅದನ್ನು ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿನ ಟಿವಿಯಲ್ಲಿ ನೋಡಿದ. ಇಡೀ ಪಂದ್ಯಕ್ಕೆ ಆರ್ಡರ್ ಮಾಡಿದ್ದು ಒಂದು ಹಾಫ್ ಚಹಾ. ಮಧ್ಯಂತರದಲ್ಲಿ ಮಾಲೀಕ ಬಂದು ಖಾಲಿ ಕಪ್ಪು ಎತ್ತಲು ಕೈ ಹಾಕಿದರೆ ಕಾಕಾ ಕಪ್ಪಿನ ಮೇಲೆ ಅಂಗೈ ಮುಚ್ಚಿ, “ಇರಲಿ, ಇನ್ನಾ ಐತಿ” ಎಂದನಂತೆ.

ಬೆಂಗಳೂರಿನ ಕಂಠೀರವ ಒಳಾಂಗಣಕ್ಕೆ ಹೋಗಿ ಖುದ್ದು ನೋಡಬೇಕೆಂಬ ಆಸೆ ಅವನಿಗೂ ಇತ್ತು. ಹಾವೇರಿಯಿಂದ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿ, ಬೆಂಗಳೂರಲ್ಲಿ ಅಳಿಯನ ಮನೆ, ಖರ್ಚು ಹಗುರ. ಆದರೆ ಅಳಿಯ ಮೊಬೈಲಿನಲ್ಲಿ ಟಿಕೆಟ್ ತೆಗೆಯುವಾಗ ದರದ ಕೆಳಗೆ ಇನ್ನೊಂದು ಶುಲ್ಕ, ಅದರ ಕೆಳಗೆ ತೆರಿಗೆ ಕಂಡು ಕಾಕಾನಿಗೆ ತಲೆ ಕೆಟ್ಟಿತು. “ಮಾರಾವರು ಅವರು. ಮಾರಿದ ಕೂಲಿ ನಾ ಯಾಕ ಕೊಡಬೇಕು?” ಎಂದು ಮುಂದಿನ ವರ್ಷಕ್ಕೆ ಮುಂದೂಡಿದ. ಮುಂದೂಡಿದ್ದೇ ಬಂತು. 2024ರ ಪಂದ್ಯಗಳು ಹೈದರಾಬಾದ್, ನೊಯ್ಡಾ, ಪುಣೆಗಳಲ್ಲಿ ನಡೆದವು. 2025ರಲ್ಲಿ ವಿಶಾಖಪಟ್ಟಣ, ಜೈಪುರ, ಚೆನ್ನೈ, ದೆಹಲಿ. ಹೆಸರಿನಲ್ಲಿ ಬೆಂಗಳೂರು ಇದ್ದ ತಂಡ ಆ ಎರಡೂ ವರ್ಷ ಬೆಂಗಳೂರಲ್ಲಿ ಆಡಲೇ ಇಲ್ಲ. ಈಗ ಕಾಕಾ ಅದನ್ನೇ ತನ್ನ ದೂರದೃಷ್ಟಿ ಎಂದು ಹೇಳಿಕೊಳ್ಳುತ್ತಾನೆ: “ನೋಡು, ಅವತ್ತ ತಗದಿದ್ರ ಚಟಾ ಹತ್ತತಿತ್ತು.”

ಶಕ್ತಿ ಯೋಜನೆ ಬಂದದ್ದು ಕಾಕಾನ ಕ್ರೀಡಾ ಜೀವನದ ದೊಡ್ಡ ತಿರುವು. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ. ಅಲ್ಲಿಯವರೆಗೆ “ಮ್ಯಾಚಿಗೆ ನೀ ಬಂದ ಏನ ಮಾಡತಿ” ಎನ್ನುತ್ತಿದ್ದ ಕಾಕಾ ಈಗ ಹೆಂಡತಿ ಕಾಕುವನ್ನು ಬಿಟ್ಟು ಹೊರಡುವುದಿಲ್ಲ. ಇಬ್ಬರ ಬಸ್ ಖರ್ಚನ್ನು ಎರಡರಿಂದ ಭಾಗಿಸಿದರೆ ತಲೆಗೆ ಅರ್ಧವೇ ಬೀಳುತ್ತದೆ ಎಂಬುದು ಅವನ ಕಾರಣ. ಕಾಕು ಸವಣೂರು ಖಾರಾದ ಪೊಟ್ಟಣ ಕಟ್ಟಿಕೊಂಡು ಬರುತ್ತಾಳೆ, ಆಟ ಒಂದಿಷ್ಟು ನೋಡುತ್ತಾಳೆ, ರೆಫರಿಗೆ ಕಾಕಾನಿಗಿಂತ ಚೆನ್ನಾಗಿ ಬೈಯುತ್ತಾಳೆ.

ಕಾಕಾನ ಲೆಕ್ಕ ಕಬಡ್ಡಿಗಷ್ಟೇ ನಿಲ್ಲಲಿಲ್ಲ. 2025ರ ಜೂನ್ ತಿಂಗಳಲ್ಲಿ ಮುಂಬೈಯ ಅಂಧೇರಿಯಲ್ಲಿ ರಗ್ಬಿ ಪ್ರೀಮಿಯರ್ ಲೀಗ್ ನಡೆಯಿತು. ಆರು ತಂಡಗಳಲ್ಲಿ ಒಂದರ ಹೆಸರು ಬೆಂಗಳೂರು ಬ್ರೇವ್‌ಹಾರ್ಟ್ಸ್. ಮುಂಬೈಯಲ್ಲಿದ್ದ ತಮ್ಮನ ಮಗ ಫೋನಿನಲ್ಲಿ ಒಂದು ತುಣುಕು ಕಳಿಸಿದ್ದ. ಕಾಕಾ ಅದನ್ನು ಕಣ್ಣ ಹತ್ತಿರ ಹಿಡಿದು ನೋಡಿದ. “ಈ ಕಡೆ ಏಳು ಮಂದಿ, ಆ ಕಡೆ ಏಳು ಮಂದಿ. ಓಡಾಂವನ ಸೊಂಟಕ್ಕ ಬಿದ್ದ ಕೆಡವತಾರ. ಕಬಡ್ಡಿನ ಬಿಡೋ ಇದು, ಕೈಯಾಗ ಒಂದು ಚಂಡು ಕೊಟ್ಟಾರ ಅಷ್ಟ.” ಏಳು ಮಂದಿಯ ರಗ್ಬಿ ಪಂದ್ಯ ಸಾಮಾನ್ಯವಾಗಿ ಏಳೇಳು ನಿಮಿಷದ ಎರಡು ಭಾಗ ಎಂದು ನಾನು ಹೇಳಿದೆ. ಕಾಕಾ ಫೋನು ಕೆಳಗಿಟ್ಟ. “ಹದಿನಾಲ್ಕು ನಿಮಿಷ? ನಮ್ಮ ಸಂಘದ ಸ್ವಾಗತ ಭಾಷಣ ಸೈತ ಅಷ್ಟರಾಗ ಮುಗಿಯೂದಿಲ್ಲ. ಅದಕ್ಕ ರೊಕ್ಕ ಕೊಡತಾರೇನು?”

ಆಗ ನಾನು ಇಂಗ್ಲೆಂಡಿನ ರಗ್ಬಿ ಲೀಗ್ ಕಥೆ ತೆಗೆದೆ. ಅಲ್ಲಿ ಒಂದು ತಂಡಕ್ಕೆ ಹದಿಮೂರು ಮಂದಿ. ಆರು ಸಲ ಕೆಡವಿಸಿಕೊಂಡರೆ ಚೆಂಡು ಎದುರಾಳಿಗೆ. ಉತ್ತರದ ಊರುಗಳಲ್ಲಿ ಗಿರಣಿ, ಕಲ್ಲಿದ್ದಲ ಗಣಿಗಳ ಕೆಲಸಗಾರರು ಶನಿವಾರ ಆಡಲು ಹೋದರೆ ಆ ದಿನದ ಕೂಲಿ ಹೋಗುತ್ತಿತ್ತು. ಆ ಕೂಲಿ ತುಂಬಿ ಕೊಡುತ್ತೇವೆಂದು ಕ್ಲಬ್ಬುಗಳು ಅಂದವು. ಆಟಕ್ಕೆ ದುಡ್ಡು ಮುಟ್ಟಿಸಬಾರದೆಂದು ದೊಡ್ಡವರು ಹಟ ಹಿಡಿದರು. 1895ರಲ್ಲಿ ಹಡರ್ಸ್‌ಫೀಲ್ಡ್ ಊರಿನ ಒಂದು ಹೋಟೆಲಿನಲ್ಲಿ ಸಭೆ ಸೇರಿ ಉತ್ತರದ ಕ್ಲಬ್ಬುಗಳು ಬೇರೆಯಾದವು. ಆ ಕೂಲಿ ಬಾಗಿಲಲ್ಲಿ ಟಿಕೆಟ್ ಕೊಂಡವರ ಚಿಲ್ಲರೆಯಿಂದಲೇ ಹುಟ್ಟಬೇಕಿತ್ತು.

ಕಾಕಾ ಸುಮ್ಮನೆ ಕೇಳಿದ. ಟವೆಲ್ಲಿನಿಂದ ಮುಖ ಒರೆಸಿಕೊಂಡ. “ಹಂಗಾರ ನಾ ಉಳಿಸಿದ ಇಪ್ಪತ್ತೈದು ಆ ಸವಣೂರ ಹುಡುಗರ ಬಸ್ಸಿನ ರೊಕ್ಕ ಅಂತಿ?” ಹೌದೆಂದೆ. ಮರುದಿನ ಬಾಗಿಲಲ್ಲಿ ಕಾಕಾ ಚೌಕಾಶಿ ಇಲ್ಲದೆ ಐವತ್ತರ ನೋಟು ಕೊಟ್ಟ. ಟೇಬಲ್ಲಿನ ಹುಡುಗ ನೋಟನ್ನು ಬೆಳಕಿಗೆ ಹಿಡಿದು ನೋಡಿ, ಆಮೇಲೆ ಕೇಳಿದ: “ಕಾಕುಂದರೀ?”

“ಆಕಿದ ಎಂಥಾದೋ? ಸರಕಾರನ ಹೆಂಗಸರಿಗೆ ಪುಕ್ಕಟ ಮಾಡೇತಿ. ನೀ ಏನು ಸರಕಾರಕ್ಕಿಂತ ದೊಡ್ಡಾಂವನು?”

ಇಷ್ಟೆಲ್ಲ ನಕ್ಕರೂ ಪಂದ್ಯಾವಳಿ ನಡೆಸುವವರಿಗೆ ಒಂದು ಮಾತು ಹೇಳಲೇಬೇಕು. ಮುಂದಿನ ಸಾಲಿನ ಸೋಫಾಗಳು ಉದ್ಘಾಟನೆ, ಶಾಲು, ಹಾರ, ಫೋಟೋ ಮುಗಿಯುತ್ತಲೇ ಖಾಲಿಯಾಗುತ್ತವೆ. ಅಲ್ಲಿ ಕೂತವರು ಟಿಕೆಟ್ಟನ್ನೂ ಕೊಂಡಿರುವುದಿಲ್ಲ. ನಸುಕಿನ ಮೂರು ಗಂಟೆಯ ಫೈನಲ್ಲಿಗೆ ಕೂತು, ಯಾವ ಹುಡುಗನ ಹಿಡಿತ ಸಡಿಲ, ಯಾವನ ಕಾಲು ಚುರುಕು ಎಂದು ಹೆಸರು ಹಿಡಿದು ಹೇಳುವವನು ಗ್ಯಾಲರಿ ಕಾಕಾ. ಅವನ ಹಲಗೆ ಗಟ್ಟಿ ಇರಲಿ, ಅವನ ದರ ಬೋರ್ಡಿನ ಮೇಲೆ ದೊಡ್ಡಕ್ಷರದಲ್ಲಿ ಇರಲಿ, ಅದು ಐವತ್ತು ದಾಟದಿರಲಿ. ದಾಟಿಸಲೇಬೇಕೆಂದಿದ್ದರೆ ಬಾಗಿಲಲ್ಲಿ ಅರ್ಧ ತಾಸು ಮಾತಾಡಬಲ್ಲ ಹುಡುಗನನ್ನು ಕೂರಿಸಿ.