ಟಿವಿ ಬಾಕ್ಸ್ ಮೀಮಾಂಸೆ ಅಥವಾ ಮದುವೆ ವಿಡಿಯೋ ಮೋಕ್ಷ ಪ್ರಕರಣ

ಗ್ರಂಥಾರಂಭದಲ್ಲಿ ಮಂಗಳಾಚರಣೆ ಮಾಡುವುದು ಸಂಪ್ರದಾಯ. ಈ ಶಾಸ್ತ್ರದಲ್ಲಿ ಅದನ್ನು ರಿಮೋಟಿನ ಬೆನ್ನಿಗೆ ಎರಡು ಏಟು ಕೊಟ್ಟು ನೆರವೇರಿಸತಕ್ಕದ್ದು.

ಮುಂದಿನ ಪ್ರಶ್ನೆ, ಅಧಿಕಾರಿ ಯಾರು? ಯಾರ ಹಾರ್ಡ್‌ಡಿಸ್ಕಿನಲ್ಲಿ ಮದುವೆಯ ವಿಡಿಯೋ, ನಾಮಕರಣದ ಫೋಟೋಗಳು, ಎಲ್ಲಿಂದ ಬಂದವೆಂದು ಕೇಳಬಾರದ ನಾಲ್ಕಾರು ಸಿನಿಮಾಗಳು ಇವೆಯೋ, ಯಾರ ಮನೆಯಲ್ಲಿ "ಅದನ್ನ ದೊಡ್ಡ ಟಿವೀಲಿ ಹಾಕ್ರೀ" ಎಂಬ ಆಜ್ಞೆ ಹಬ್ಬಕ್ಕೊಮ್ಮೆ ಹೊರಡುತ್ತದೋ, ಅವರು. ಬರೀ ಓಟಿಟಿ ನೋಡುವವರು ಯಾವ ಸ್ಟಿಕ್ ಕೊಂಡರೂ ನಡೆಯುತ್ತದೆ. ಅವರು ಇಲ್ಲಿಗೇ ಓದು ನಿಲ್ಲಿಸಬಹುದು.

ಮತಗಳು ಮೂರು. ಸ್ಮಾರ್ಟ್ ಟಿವಿ ಒಂದೇ ಸತ್ಯ, ಎರಡನೆಯದು ಇಲ್ಲವೇ ಇಲ್ಲ ಎನ್ನುವವರು ಅದ್ವೈತಿಗಳು. ಸ್ಟಿಕ್ ಟಿವಿಯ ಬೆನ್ನಿಗಂಟಿದ ಶರೀರ ಎನ್ನುವವರು ವಿಶಿಷ್ಟಾದ್ವೈತಿಗಳು. ಟಿವಿ ಬೇರೆ, ಬಾಕ್ಸ್ ಬೇರೆ, ರಿಮೋಟೂ ಬೇರೆ, ಈ ಭೇದ ನಿತ್ಯವೆಂದು ಸಾಧಿಸುವವರು ದ್ವೈತಿಗಳು. ಒಂದೇ ರಿಮೋಟಿನಿಂದ ಎರಡನ್ನೂ ಆಳುವ ಎಚ್‌ಡಿಎಂಐ ಸಿಇಸಿ ಎಂಬ ಸಮನ್ವಯ ಉಂಟು. ಆದರೆ ಆ ಒಂದೇ ತತ್ತ್ವವನ್ನು ಸ್ಯಾಮ್‌ಸಂಗ್ ಎನಿನೆಟ್ ಪ್ಲಸ್ ಎಂದೂ, ಎಲ್‌ಜಿ ಸಿಂಪ್ಲಿಂಕ್ ಎಂದೂ, ಸೋನಿ ಬ್ರಾವಿಯಾ ಸಿಂಕ್ ಎಂದೂ ಉಪಾಸಿಸುವುದರಿಂದ ಸೆಟ್ಟಿಂಗಿನಲ್ಲಿ ಅದು ಸುಲಭಕ್ಕೆ ದರ್ಶನ ಕೊಡದು.

ಪುನರ್ಜನ್ಮಕ್ಕೂ ಇಲ್ಲಿ ಪ್ರಮಾಣವಿದೆ. 2013ರಲ್ಲಿ 35 ಡಾಲರಿಗೆ ಅವತರಿಸಿದ ಕ್ರೋಮ್‌ಕಾಸ್ಟ್ 2024ರಲ್ಲಿ ದೇಹ ಬಿಟ್ಟು ಗೂಗಲ್ ಟಿವಿ ಸ್ಟ್ರೀಮರ್ ಆಗಿ ಹುಟ್ಟಿತು. ಬೆಲೆ ಸುಮಾರು 100 ಡಾಲರ್. ಕರ್ಮಫಲ ಹೊರುವವರು ನಾವು.

ಇನ್ನು ಭ್ರಾಂತಿ ವಿಚಾರ. ಪರದೆಯ ಮೇಲೆ ಚಕ್ರ ತಿರುಗತೊಡಗಿದ ಕೂಡಲೇ ಪೂರ್ವಪಕ್ಷಿ ಎದ್ದು ನಿಂತು, "ವೈಫೈ ಸರಿಯಿಲ್ಲ" ಎನ್ನುತ್ತಾನೆ. ಅವನು ಹಗ್ಗವನ್ನು ಹಾವೆಂದು ಬಡಿಯುತ್ತಿದ್ದಾನೆ. ಮದುವೆಯ ಡಿವಿಡಿ ಓಡಲು ಸೆಕೆಂಡಿಗೆ ಸುಮಾರು 10 ಮೆಗಾಬಿಟ್ ಸಾಕು. ಅಷ್ಟನ್ನು ಸಾಧಾರಣ ವೈಫೈ ಕೂಡ ಕೊಟ್ಟೀತು. ಬಹುಪಾಲು ಸಲ ತಪ್ಪು, ಕಡತದ ಭಾಷೆಯಾದ ಕೊಡೆಕ್‌ನದು. ಡಿವಿಡಿಯ ಭಾಷೆ ಎಂಪಿಇಜಿ-2; 2003ರಲ್ಲಿ ಎಚ್.264 ಬಂತು, 2013ರಲ್ಲಿ ಎಚ್.265. ಬಾಕ್ಸಿನ ಚಿಪ್ಪಿಗೆ ಕಡತದ ಭಾಷೆ ಬಂದರೆ ಡೈರೆಕ್ಟ್ ಪ್ಲೇ ಎಂಬ ಸಾಕ್ಷಾತ್ಕಾರ. ಬಾರದಿದ್ದರೆ ಪ್ಲೆಕ್ಸೋ ಜೆಲ್ಲಿಫಿನ್ನೋ ಎಂಬ ಮೀಡಿಯಾ ಸರ್ವರ್ ಓಡಿಸುತ್ತಿರುವ ನಿಮ್ಮ ಹಳೆಯ ಲ್ಯಾಪ್‌ಟಾಪ್, ಟ್ರಾನ್ಸ್‌ಕೋಡಿಂಗ್ ಎಂಬ ಪರಕಾಯಪ್ರವೇಶಕ್ಕೆ ಕೂರಬೇಕು. ಫ್ಯಾನ್ ಭೋರ್ಗರೆಯುತ್ತದೆ, ಮಾಂಗಲ್ಯಧಾರಣೆ ಅರ್ಧಕ್ಕೇ ನಿಲ್ಲುತ್ತದೆ.

ಇದು ಹೊಸ ರೋಗವಲ್ಲ. 2012ರ ಮೊದಲ ರಾಸ್ಪ್‌ಬೆರಿ ಪೈ ಬೋರ್ಡಿನಲ್ಲಿ ಎಂಪಿಇಜಿ-2 ಬಿಡಿಸುವ ಶಕ್ತಿ ಚಿಪ್ಪಿನೊಳಗೇ ಸುಪ್ತವಾಗಿತ್ತು. ಅದನ್ನು ಎಬ್ಬಿಸುವ ಲೈಸೆನ್ಸ್ ಕೀಗೆ ಪ್ರತ್ಯೇಕ ದಕ್ಷಿಣೆ ಕೊಡಬೇಕಿತ್ತು. ಇದಕ್ಕಿಂತ ಸೂಕ್ಷ್ಮವಾದದ್ದು ಶಬ್ದಖಂಡ. ಕೆಲವು ಟಿವಿಗಳಿಗೆ ಡಿಟಿಎಸ್ ಧ್ವನಿ ಅರ್ಥವಾಗದು. ಚಿತ್ರ ಸೊಗಸಾಗಿ ಓಡುತ್ತದೆ, ಮಾತು ಮಾತ್ರ ಇಲ್ಲ. ಇಡೀ ಕುಟುಂಬ 1934ರ 'ಸತಿ ಸುಲೋಚನಾ'ಕ್ಕಿಂತ ಹಿಂದಿನ ಮೂಕಿಯುಗದಲ್ಲಿ ಕುಳಿತಿರುತ್ತದೆ. ಸಬ್‌ಟೈಟಲ್ ಓದೋಣವೆಂದರೆ ಕೆಲವು ಪ್ಲೇಯರುಗಳಲ್ಲಿ ಕನ್ನಡದ ಒತ್ತಕ್ಷರ ಕಳಚಿ ಪಕ್ಕದ ಅಕ್ಷರದ ಮೇಲೆ ಬಿದ್ದಿರುತ್ತದೆ. ಉಳಿದವು ಬರೀ ಚೌಕಗಳು. ಅವಕ್ಕೆ ಭಾಷ್ಯ ಬರೆಯುವ ಧೈರ್ಯ ನನಗಿಲ್ಲ.

4ಕೆ, ಡಾಲ್ಬಿ, ಮಾತಾಡಿದರೆ ಕೇಳುವ ರಿಮೋಟ್ ಇತ್ಯಾದಿ ಪೊಟ್ಟಣದ ಮೇಲಿನ ವಾಕ್ಯಗಳೆಲ್ಲ ಅರ್ಥವಾದ, ಸ್ತುತಿಪರ. ವಿಧಿವಾಕ್ಯವೆಂದು ಯಾರೂ ನಂಬಬಾರದು.

ಸಿದ್ಧಾಂತ: ಮನೆಯಲ್ಲಿ ಎಲ್ಲಕ್ಕಿಂತ ಹಟಮಾರಿಯಾದ ಮೂರು ಕಡತಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಅಂಗಡಿಗೆ ಹೋಗಿ. ಮದುವೆಯದು ಒಂದು ಇರಲೇಬೇಕು. ಅವನ್ನು ಚಿತ್ರ, ಧ್ವನಿ, ಒತ್ತಕ್ಷರ ಸಮೇತ ಓಡಿಸುವ ಬಾಕ್ಸ್ ಎಷ್ಟೇ ಕುರೂಪಿಯಾಗಿದ್ದರೂ ಕೊಳ್ಳಿ. ಪೆನ್‌ಡ್ರೈವ್ ಚುಚ್ಚಲು ಜಾಗವೇ ಇಲ್ಲದ ಸ್ಟಿಕ್ ತೋರಿಸಿದರೆ, ವಾಪಸ್ ತಗೊಳ್ತೀರಾ ಎಂದು ಮೊದಲೇ ಕೇಳಿ, ಬಿಲ್ ಜೋಪಾನವಾಗಿಡಿ.