ಕೇಕ್ ಕತ್ತರಿಸಿದ ಮೇಲೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಅಂದವನು ಖಂಡಿತ ಪ್ರಾಜೆಕ್ಟ್ ಮ್ಯಾನೇಜರೇ ಇರಬೇಕು. ಕಟ್ಟಿದ ಮನೆ ಎರಡನೇ ಮಳೆಗಾಲಕ್ಕೇ ಸೋರಿದರೆ ಏನು ಗತಿ, ಮದುವೆಯಾದ ಜೋಡಿ ಆರು ತಿಂಗಳಿಗೆ ಮಾತು ಬಿಟ್ಟರೆ ಯಾರನ್ನು ಕೇಳಬೇಕು ಎಂಬ ಬಗ್ಗೆ ಗಾದೆ ತುಟಿ ಬಿಚ್ಚುವುದಿಲ್ಲ.

ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳು ಬಹುಕಾಲ ನಡೆದದ್ದೂ ಹೀಗೆಯೇ. ಅವುಗಳಿಗೆ ಅನ್ನ ಕೊಟ್ಟದ್ದು ಹೊರದೇಶದ ಗ್ರಾಹಕರ ಪ್ರಾಜೆಕ್ಟುಗಳು: ಇಷ್ಟು ಜನ, ಇಷ್ಟು ತಿಂಗಳು, ಇಷ್ಟು ಡಾಲರ್. ಕೊನೆಗೆ ‘ಗೋ-ಲೈವ್’, ಅಂದರೆ ಬಳಕೆಗೆ ಬಿಡುಗಡೆ. ಕಾನ್ಫರೆನ್ಸ್ ರೂಮಿಗೆ ಕೇಕ್ ಬರುತ್ತದೆ. ಕ್ರೀಮಿನ ಮೇಲೆ ಬೇಕರಿಯವನು ಪ್ರಾಜೆಕ್ಟಿನ ಹೆಸರಲ್ಲಿ ಒಂದಕ್ಷರ ನುಂಗಿರುತ್ತಾನೆ. ಫೋಟೊ ಆಗುತ್ತದೆ. ಸೋಮವಾರದ ಹೊತ್ತಿಗೆ ತಂಡ ದಿಕ್ಕಾಪಾಲು: ಇಬ್ಬರು ಬ್ಯಾಂಕಿಂಗ್ ಪ್ರಾಜೆಕ್ಟಿಗೆ, ಒಬ್ಬಳು ಆನ್‌ಸೈಟಿಗೆ, ಉಳಿದವರು ಮುಂದಿನ ಕೆಲಸ ಸಿಗುವವರೆಗೆ ಬೆಂಚಿಗೆ. ಅದಕ್ಕೆ ಮೊದಲು ಸಪೋರ್ಟ್ ತಂಡಕ್ಕೆ ‘ಕೆಟಿ’ (ನಾಲೆಡ್ಜ್ ಟ್ರಾನ್ಸ್‌ಫರ್, ಅಂದರೆ ವಿದ್ಯೆಯ ಹಸ್ತಾಂತರ) ಕೊಡುವ ಶಾಸ್ತ್ರವೊಂದಿದೆ. ವರ್ಷದ ವಿದ್ಯೆಯನ್ನು ಎರಡು ಮಧ್ಯಾಹ್ನಗಳಲ್ಲಿ, ಅದೂ ಊಟದ ನಂತರ, ಧಾರೆ ಎರೆಯುತ್ತಾರೆ. ಕೇಳುವವರ ಕ್ಯಾಮೆರಾಗಳೆಲ್ಲ ಆಫ್.

ಪ್ರಾಜೆಕ್ಟೆಂದರೆ ಮುಗಿಸಿ ಕೈ ತೊಳೆದುಕೊಳ್ಳುವುದು; ಪ್ರಾಡಕ್ಟೆಂದರೆ ಜನ ಬಳಸುವಷ್ಟು ದಿನವೂ ಮುಗಿಯದ್ದು. ಪ್ರಾಜೆಕ್ಟಾಗಿ ಗೆದ್ದು ಪ್ರಾಡಕ್ಟಾಗಿ ಮಕಾಡೆ ಮಲಗುವುದರಲ್ಲಿ ಇರಿಡಿಯಂಗೆ ಸಾಟಿಯಿಲ್ಲ. ಭೂಮಿಯ ಯಾವ ಮೂಲೆಯಿಂದಾದರೂ ಫೋನ್ ಮಾಡುವಂತಾಗಬೇಕೆಂದು ಮೊಟೊರೋಲಾ ಬೆಂಬಲದ ಈ ಕಂಪನಿ 66 ಉಪಗ್ರಹಗಳ ಜಾಲ ಹೆಣೆಯಿತು. ಖರ್ಚು ಸುಮಾರು 500 ಕೋಟಿ ಡಾಲರ್. 1998ರ ನವೆಂಬರಿನಲ್ಲಿ ಸೇವೆ ಶುರು. ಮೊದಲ ಕರೆ ಮಾಡಿದ್ದು ಅಮೆರಿಕದ ಉಪಾಧ್ಯಕ್ಷ ಅಲ್ ಗೋರ್. ಎಂಜಿನಿಯರುಗಳನ್ನು ದೂರುವಂತಿಲ್ಲ, ಅಸಾಧ್ಯವೆನಿಸಿದ್ದನ್ನು ಕಟ್ಟಿ ನಿಲ್ಲಿಸಿದ್ದರು. ಆದರೆ ಫೋನಿನ ಬೆಲೆ 3,000 ಡಾಲರಿನ ಆಸುಪಾಸು. ಸೂರಿನಡಿ ಸಿಗ್ನಲ್ ಸಿಗದು. ಅರ್ಜೆಂಟಾಗಿ ಮಾತಾಡಬೇಕಾದ ಉದ್ಯಮಿ ಮೀಟಿಂಗ್ ಬಿಟ್ಟು ಬಯಲಿಗೆ ಓಡಬೇಕು! ಯೋಜನೆ ಹುಟ್ಟಿದ್ದು 1980ರ ದಶಕದಲ್ಲಿ. ಉಪಗ್ರಹಗಳು ಮೇಲೇರುವಷ್ಟರಲ್ಲಿ ಉದ್ಯಮಿಯ ಜೇಬಿಗೆ ಅಗ್ಗದ ಮೊಬೈಲು ಬಂದು ಕೂತಿತ್ತು. 1999ರ ಆಗಸ್ಟಿನಲ್ಲಿ ಕಂಪನಿ ದಿವಾಳಿ.

ಸ್ವಾರಸ್ಯ ಇರುವುದು ಆಮೇಲೆ. ಬರೀ 2.5 ಕೋಟಿ ಡಾಲರಿಗೆ ಅದನ್ನು ಕೊಂಡವರು ಅವೇ ಉಪಗ್ರಹಗಳನ್ನು ಇಟ್ಟುಕೊಂಡು, ಇದು ನಿಜಕ್ಕೂ ಯಾರಿಗೆ ಬೇಕು ಎಂದು ಹುಡುಕಿದರು. ಬಯಲಲ್ಲೇ ಬದುಕುವ ಸೈನಿಕರು, ನಾವಿಕರು ಸಿಕ್ಕರು. ಇರಿಡಿಯಂ ಈಗಲೂ ನಡೆಯುತ್ತಿದೆ.

2001ರ ಫೆಬ್ರವರಿಯಲ್ಲಿ ಯೂಟಾದ ಸ್ನೋಬರ್ಡ್ ಎಂಬಲ್ಲಿ 17 ಮಂದಿ ಸಾಫ್ಟ್‌ವೇರ್ ಪರಿಣತರು ಕೂತು ಅಜೈಲ್ ಮ್ಯಾನಿಫೆಸ್ಟೊ ಬರೆದದ್ದು, ಕಾಲ ಬದಲಾದರೂ ಒಮ್ಮೆ ಹಾಕಿದ ಯೋಜನೆಗೆ ಜೋತು ಬೀಳುವ ಈ ಚಟ ಬಿಡಿಸಲೆಂದೇ. ಆ ಅಜೈಲ್ ಬೆಂಗಳೂರಿನ ಟೆಕ್ ಪಾರ್ಕುಗಳಿಗೆ ಬಂದಾಗ ಭಕ್ತರು ನಿಂತು ಮಾಡುವ ಮೀಟಿಂಗನ್ನು, ಗೋಡೆಗೆ ಅಂಟಿಸುವ ಹಳದಿ ಚೀಟಿಯನ್ನು ಕಣ್ಣಿಗೊತ್ತಿಕೊಂಡರು. ಡೆಡ್‌ಲೈನ್ ಮಾತ್ರ ಸೇಲ್ಸಿನವರು ಹಿಂದಿನ ವರ್ಷವೇ ಸಹಿ ಹಾಕಿಕೊಟ್ಟದ್ದು. ಸ್ಪ್ರಿಂಟ್ ಎಂಬ ಒಂದೊಂದು ಕಿರುಗಡುವಿಗೆ ಎಷ್ಟು ಪಾಯಿಂಟಿನ ಕೆಲಸ ಮುಗಿಯಿತೆಂದು ಲೆಕ್ಕ ಇಡುವವರಿದ್ದಾರೆ. ಮುಗಿದದ್ದನ್ನು ಯಾರಾದರೂ ಬಳಸಿದರೇ ಎಂದು ಕೇಳಿದರೆ, ‘ಅದು ನಮ್ಮ ಸ್ಕೋಪಿನಲ್ಲಿಲ್ಲ ಸಾರ್.’

ಪ್ರಾಡಕ್ಟಿನವರ ರೀತಿಯೇ ಬೇರೆ. 2004ರ ಏಪ್ರಿಲ್ 1ರಂದು ಬಂದ ಜಿಮೇಲ್, 2009ರ ಜುಲೈವರೆಗೂ ‘ಬೀಟಾ’ ಎಂಬ ಹಣೆಪಟ್ಟಿ ಹೊತ್ತಿತ್ತು. ಐದು ವರ್ಷವಾದರೂ ಮುಗಿದಿಲ್ಲ ಎಂದು ಬಹಿರಂಗವಾಗಿ ಬರೆದುಕೊಂಡ ಕೆಲಸವನ್ನು ಕೋಟ್ಯಂತರ ಜನ ನೆಮ್ಮದಿಯಾಗಿ ಬಳಸಿದರು. ಕಟ್ಟಿದವರೇ ಓಡಿಸಬೇಕು ಎಂಬ ಕಟ್ಟಳೆಯನ್ನು ಅಮೆಜಾನಿನ ವರ್ನರ್ ವೋಗಲ್ಸ್ 2006ರಲ್ಲೇ ಸಾರಿದ್ದರು. ರಾತ್ರಿ ಎರಡಕ್ಕೆ ಸರ್ವರ್ ಬಿದ್ದರೆ ಫೋನ್ ಬರುವುದು ತನಗೇ ಎಂದು ಗೊತ್ತಾದ ಡೆವಲಪರ್, ಹಗಲು ಹೊತ್ತು ಕೋಡನ್ನು ಸ್ವಲ್ಪ ಹುಷಾರಾಗಿಯೇ ಬರೆಯುತ್ತಾನೆ. ಯಾವ ಟ್ರೈನಿಂಗೂ ಇದರಷ್ಟು ಫಲ ಕೊಟ್ಟಿಲ್ಲ.

ನಿಮ್ಮ ತಂಡದಲ್ಲೂ ಒಮ್ಮೆ ವಿಚಾರಿಸಿ ನೋಡಿ: ಕಳೆದ ವರ್ಷ ಹಗಲಿರುಳು ದುಡಿದು ಕೂರಿಸಿದ ಆ ಬಟನ್ನನ್ನು ಹೋದ ತಿಂಗಳು ಎಷ್ಟು ಜನ ಒತ್ತಿದರು? ಥಟ್ಟನೆ ಹೇಳುವವರು ಯಾರಾದರೂ ಸಿಕ್ಕರೆ, ದಯವಿಟ್ಟು ಅವರನ್ನು ಬೇರೆ ಪ್ರಾಜೆಕ್ಟಿಗೆ ಹಾಕಬೇಡಿ.